ಮಾಗಿ ಚಳಿಯಲ್ಲಿ ಗಿರಿರಾಜ ಕೋಳಿಮರಿಗಳು ಉಳಿಯುತ್ತಿಲ್ಲ, ಮೇಕೆಮರಿಯೂ ಕೆಮ್ಮುತ್ತಿದೆ: ತಪ್ಪು ಎಲ್ಲಿ ಆಗುತ್ತಿದೆ?

ಪ್ರಶ್ನೆ: ಹಿತ್ತಲಮನೆ, ಆಲೂರು ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಮ್ಮದು ಆಲೂರು ತಾಲ್ಲೂಕಿನಲ್ಲಿ ಸಕಲೇಶಪುರದ ಗಡಿಗೆ ಹತ್ತಿರವಾದ ಹಳ್ಳಿ. ಎರಡು ಎಕರೆ ಕಾಫಿ ತೋಟ, ಒಂದಿಷ್ಟು ಗದ್ದೆ, ಹಿತ್ತಲಿನಲ್ಲಿ 14 ನಾಟಿ ಕೋಳಿ ಹಾಗೂ 5 ಮೇಕೆಗಳಿವೆ. ನಾಟಿ ಕೋಳಿ ಸಾಕುವುದು ಅತ್ತೆಯವರ ಕಾಲದಿಂದಲೂ ಮನೆಯಲ್ಲಿ ನಡೆದುಬಂದಿದೆ. ಅದಕ್ಕೆ ನಾನು ಹೊಸಬಳಲ್ಲ. ಆದರೆ ಈ ಸಲ ಮಾರಾಟಕ್ಕೂ ಆಗಲಿ ಎಂದು ಡಿಸೆಂಬರ್ ಮೊದಲ ವಾರದಲ್ಲಿ ಒಂದು ದಿನದ 60 ಗಿರಿರಾಜ ತಳಿಯ ಮರಿಗಳನ್ನು ತಂದೆವು. ಇವತ್ತಿಗೆ 12 ದಿನ. 19 ಮರಿಗಳು ಸತ್ತಿವೆ, 41 ಉಳಿದಿವೆ. ಅವುಗಳಲ್ಲಿಯೂ ಆರೇಳು ಮರಿಗಳು ರೆಕ್ಕೆ ಇಳಿಬಿಟ್ಟು ಮಂಕಾಗಿ ನಿಂತಿರುತ್ತವೆ.

ಮರಿಗಳನ್ನು ಇಟ್ಟಿರುವುದು ಹಳೆಯ ಸೌದೆ ಕೊಟ್ಟಿಗೆಯಲ್ಲಿ. ಹತ್ತು ಅಡಿ ಉದ್ದ, ಎಂಟು ಅಡಿ ಅಗಲ, ಮೇಲೆ ಮಂಗಳೂರು ಹೆಂಚು, ಮೂರು ಕಡೆ ಮಣ್ಣಿನ ಗೋಡೆ, ಮುಂದುಗಡೆ ಜಾಲರಿ. ಚಳಿ ಹೊಡೆಯಬಾರದೆಂದು ಜಾಲರಿಗೂ, ಗೋಡೆಯ ಮೇಲಿನ ಸಂದಿಗೂ ಎಲ್ಲಿಯೂ ಗಾಳಿಯಾಡದಂತೆ ಟಾರ್ಪಾಲು ಕಟ್ಟಿದ್ದೇನೆ. ನೆಲಕ್ಕೆ ಗೋದಾಮಿನ ಮೂಲೆಯಲ್ಲಿದ್ದ ಹೋದ ವರ್ಷದ ಕಾಫಿ ಹೊಟ್ಟನ್ನು ಹರಡಿದ್ದೇನೆ. ಎರಡು ಬಲ್ಬುಗಳು ಹಗಲೂ ರಾತ್ರಿ ಉರಿಯುತ್ತವೆ. ಗೋಡೆಗೆ ತೂಗುಹಾಕಿದ ಉಷ್ಣಮಾಪಕ ಬೆಳಗಿನ ಐದು ಗಂಟೆಗೆ 15 ಡಿಗ್ರಿ ತೋರಿಸುತ್ತದೆ; ಹೊರಗೆ ಆ ಹೊತ್ತಿಗೆ 11 ಇರುತ್ತದೆ.

ಆರನೆಯ ರಾತ್ರಿ ಕರೆಂಟು ಹೋದದ್ದು ಬೆಳಗಾದರೂ ಬರಲಿಲ್ಲ. ಬೇರೆ ದಾರಿ ಕಾಣದೆ ಹಳೆಯ ಬಾಣಲಿಯಲ್ಲಿ ಕೆಂಡ ತುಂಬಿ ಒಳಗಿಟ್ಟು ಬಾಗಿಲು ಮುಚ್ಚಿದೆ. ಬೆಳಿಗ್ಗೆ ತೆರೆದು ನೋಡಿದರೆ ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದು 8 ಮರಿಗಳು ಸತ್ತಿದ್ದವು. ಅಡಿಯಲ್ಲಿದ್ದವು ಜಜ್ಜಿಹೋಗಿದ್ದವು, ಮೇಲಿದ್ದ ಮೂರು ಮಾತ್ರ ಮೈಮೇಲೆ ಯಾವ ಗುರುತೂ ಇಲ್ಲದೆ ನಿದ್ದೆ ಹೋದಂತೆ ಮಲಗಿದ್ದವು. ಅಂದಿನಿಂದ ಬಾಗಿಲು ತೆರೆಯುವಾಗಲೆಲ್ಲ ಕೈ ನಡುಗುತ್ತದೆ.

ಟಾರ್ಪಾಲಿನ ಒಳಮೈಯನ್ನು ಬೆಳಿಗ್ಗೆ ಸವರಿದರೆ ಅಂಗೈ ತೊಯ್ಯುತ್ತದೆ. ಬಗ್ಗಿ ನಿಂತರೆ ಮೂಗಿಗೆ ಘಾಟು ಹೊಡೆದು ಕಣ್ಣು ಉರಿಯುತ್ತದೆ. ಕೆಲವು ಮರಿಗಳು ಕತ್ತು ಚಾಚಿ ಬಾಯಿ ತೆರೆದು ಉಸಿರಾಡುತ್ತವೆ. ಇದರ ಜೊತೆಗೆ ನಾಟಿ ಹೇಂಟೆಗಳು ದಿನಕ್ಕೆ ಏಳೆಂಟು ಇಡುತ್ತಿದ್ದ ಮೊಟ್ಟೆ ಈಗ ಎರಡಕ್ಕೆ ಇಳಿದಿದೆ. ಹದಿನೈದು ದಿನದ ಹಿಂದೆ ಹುಟ್ಟಿದ ಮೇಕೆಮರಿಯೊಂದು ರಾತ್ರಿಯೆಲ್ಲ ಕೆಮ್ಮುತ್ತದೆ. ಅಂಗಡಿಯವರೊಬ್ಬರು ಒಂದು ಪುಡಿ ಔಷಧಿ ಕೊಟ್ಟು ನೀರಿಗೆ ಬೆರೆಸಿ ಕುಡಿಸಿ ಎಂದರು. ನಾಲ್ಕು ದಿನ ಕುಡಿಸಿಯೂ ಗುಣ ಕಾಣಲಿಲ್ಲ. ಉಳಿದ ಮರಿಗಳನ್ನಾದರೂ ಉಳಿಸಿಕೊಳ್ಳಬೇಕು. ತಿಳಿದವರು ದಯವಿಟ್ಟು ಹೇಳಿ.

ಉತ್ತರ: ಕಾಫಿಕಣ, ಮೂಡಿಗೆರೆ

ಅಕ್ಕ, ನಿಮ್ಮ ಬರಹ ಓದಿ ಸಂಕಟವಾಯಿತು. ನಮ್ಮ ಮನೆಯಲ್ಲೂ ಹನ್ನೆರಡು ವರ್ಷದಿಂದ ಕೋಳಿ ಇವೆ, ಮೊದಲ ಎರಡು ಮಾಗಿಯಲ್ಲಿ ನಾನೂ ಇದೇ ರೀತಿ ಮರಿಗಳನ್ನು ಕಳೆದುಕೊಂಡವಳು. ಹಾಗಾಗಿ ಕಂಡದ್ದನ್ನು ಬಿಡಿಸಿ ಬರೆಯುತ್ತೇನೆ.

ನಮ್ಮ ಮಲೆನಾಡಿನ ಚಳಿ ಒಣ ಚಳಿಯಲ್ಲ. ರಾತ್ರಿ ಮಂಜು ಇಳಿಯುತ್ತದೆ, ಬೆಳಿಗ್ಗೆ ಒಂಬತ್ತರವರೆಗೂ ಇಬ್ಬನಿ ತೊಟ್ಟಿಕ್ಕುತ್ತಿರುತ್ತದೆ. ಅದರ ಮೇಲೆ ಮರಿಗಳು ಬಿಡುವ ಉಸಿರು, ಹಾಕುವ ಹಿಕ್ಕೆ, ಚೆಲ್ಲುವ ನೀರು ಎಲ್ಲವೂ ಗೂಡಿನೊಳಗೇ ತೇವವಾಗಿ ಉಳಿದುಕೊಂಡರೆ ಪುಕ್ಕ ಒದ್ದೆಯಾಗುತ್ತದೆ, ಒದ್ದೆ ಪುಕ್ಕ ಮೈಯ ಕಾವನ್ನು ಹಿಡಿದಿಡುವುದಿಲ್ಲ. ನೀವು ಟಾರ್ಪಾಲಿನ ಒಳಮೈ ಸವರಿ ನೋಡಿದ ನೀರು ಹೊರಗಿನಿಂದ ಬಂದದ್ದಲ್ಲ, ಒಳಗೇ ಹುಟ್ಟಿ ಹೊರಹೋಗಲು ದಾರಿಯಿಲ್ಲದೆ ನಿಂತದ್ದು. ಮೂಗಿಗೆ ಹೊಡೆಯುವ ಘಾಟು ಹಿಕ್ಕೆಯಿಂದ ಏಳುವ ಅಮೋನಿಯಾ. ಐದೂವರೆ ಅಡಿ ಎತ್ತರದ ನಿಮ್ಮ ಕಣ್ಣೇ ಉರಿಯುತ್ತದೆ ಎಂದರೆ ನೆಲದಿಂದ ಮೂರು ಅಂಗುಲ ಎತ್ತರದಲ್ಲಿ ಇಡೀ ದಿನ ಉಸಿರಾಡುವ ಮರಿಯ ಗತಿಯೇನೆಂದು ಯೋಚಿಸಿ.

ಆದ್ದರಿಂದ ಇವತ್ತೇ ಮಾಡಬೇಕಾದ ಮೊದಲ ಕೆಲಸವೆಂದರೆ ಟಾರ್ಪಾಲನ್ನು ಮೇಲಿನಿಂದ ಒಂದು ಅಡಿ ಇಳಿಸುವುದು. ನೆಲದಿಂದ ಮೂರು ಅಡಿಯವರೆಗೆ ಗಾಳಿ ನುಗ್ಗದಂತೆ ಭದ್ರವಾಗಿ ಮುಚ್ಚಿರಲಿ, ಹೆಂಚಿನ ಕೆಳಗಿನ ಸಂದಿ ಮಾತ್ರ ಸದಾ ತೆರೆದಿರಲಿ. ಬಿಸಿಯಾದ ತೇವದ ಗಾಳಿಯೂ ಅಮೋನಿಯಾವೂ ಹಗುರ, ಮೇಲಕ್ಕೆ ಏರಿ ಆ ಸಂದಿಯಲ್ಲಿ ಹೋಗಿಬಿಡುತ್ತವೆ. ಮರಿಗಳ ಮೈಗೆ ನೇರವಾಗಿ ಗಾಳಿ ತಾಗಬಾರದು, ತಲೆಯ ಮೇಲೆ ಗಾಳಿ ಓಡಾಡುತ್ತಿರಬೇಕು. ಟಾರ್ಪಾಲಿಗಿಂತ ಗೋಣಿಚೀಲದ ಪರದೆ ಒಳ್ಳೆಯದು, ಅದು ತೇವವನ್ನು ಹನಿಯಾಗಿ ನಿಲ್ಲಲು ಬಿಡುವುದಿಲ್ಲ.

ಎರಡನೆಯದು ಕಾವಿನ ವಿಷಯ. ಗೋಡೆಯ ಮೇಲಿನ ಉಷ್ಣಮಾಪಕ ಗೋಡೆಯ ಸುದ್ದಿಯನ್ನಷ್ಟೇ ಹೇಳುತ್ತದೆ. ಅದನ್ನು ಮರಿಯ ಬೆನ್ನಿನ ಎತ್ತರಕ್ಕೆ, ಅಂದರೆ ಹೊಟ್ಟಿನ ಮೇಲೆ ಎರಡು ಅಂಗುಲ ಬರುವಂತೆ, ಬಲ್ಬಿನ ಬೆಳಕಿನ ಅಂಚಿನಲ್ಲಿ ಇಡಬೇಕು. ಮೊದಲ ವಾರ ಅಲ್ಲಿ 35 ಡಿಗ್ರಿ ಇರಬೇಕಿತ್ತು. ಎರಡನೆಯ ವಾರ 32, ಆಮೇಲೆ ವಾರಕ್ಕೆ ಸುಮಾರು ಮೂರು ಡಿಗ್ರಿಯಂತೆ ಇಳಿಸುತ್ತ ಬಂದರೆ ಐದನೆಯ ವಾರದ ಹೊತ್ತಿಗೆ ಪುಕ್ಕ ತುಂಬಿ ಮರಿಗಳು ತಮ್ಮ ಕಾವನ್ನು ತಾವೇ ನೋಡಿಕೊಳ್ಳುತ್ತವೆ. ಇಡೀ ಕೊಟ್ಟಿಗೆಯನ್ನು ಬಿಸಿ ಮಾಡಲು ಹೋಗಬೇಡಿ. ತಗಡಿನಿಂದಲೋ ರಟ್ಟಿನಿಂದಲೋ ಒಂದೂವರೆ ಅಡಿ ಎತ್ತರದ, ನಾಲ್ಕೈದು ಅಡಿ ಅಗಲದ ದುಂಡನೆಯ ಆವರಣ ಮಾಡಿ ಅದರ ನಡುವೆ ಮಾತ್ರ ಕಾವು ಕೊಡಿ. ದುಂಡಗೆ ಎಂದು ಒತ್ತಿ ಹೇಳುತ್ತಿರುವುದಕ್ಕೆ ಕಾರಣವಿದೆ: ಮೂಲೆಯಿದ್ದರೆ ಚಳಿಯಾದ ಮರಿಗಳು ಅಲ್ಲಿಗೆ ನುಗ್ಗಿ ಒಂದನ್ನೊಂದು ತುಳಿದು ಸಾಯಿಸುತ್ತವೆ, ದುಂಡಗಿದ್ದರೆ ನುಗ್ಗಲು ಜಾಗವೇ ಇರುವುದಿಲ್ಲ. ಬಲ್ಬು ಹೊಟ್ಟಿನಿಂದ ಒಂದು, ಒಂದೂವರೆ ಅಡಿ ಎತ್ತರದಲ್ಲಿ, ಏರಿಸಿ ಇಳಿಸಲು ಬರುವಂತೆ ಹಗ್ಗಕ್ಕೆ ಕಟ್ಟಿರಲಿ. ನಮ್ಮ ಕಡೆಯ ಚಳಿಗೆ ಒಂದು ಮರಿಗೆ ಎರಡು ವ್ಯಾಟಿನ ಲೆಕ್ಕ ಹಿಡಿಯಬೇಕು. ನಿಮ್ಮ 41 ಮರಿಗಳಿಗೆ 60 ವ್ಯಾಟಿನ ಎರಡು ಬಲ್ಬು ಸಾಕು, ಒಂದು ಕೆಟ್ಟರೂ ಇನ್ನೊಂದು ಇರುತ್ತದೆ.

ಉಷ್ಣಮಾಪಕಕ್ಕಿಂತ ಮರಿಗಳೇ ನಿಜ ಹೇಳುತ್ತವೆ. ರಾತ್ರಿ ಹತ್ತು ಗಂಟೆಗೆ ಸದ್ದು ಮಾಡದೆ ಹೋಗಿ ನೋಡಿ. ಬಲ್ಬಿನ ಕೆಳಗೆ ಮುದ್ದೆಯಾಗಿ ಸೇರಿ ಚಿಂವ್ ಚಿಂವ್ ಎಂದು ಜೋರಾಗಿ ಕೂಗುತ್ತಿದ್ದರೆ ಚಳಿ. ಅಂಚಿಗೆ ಓಡಿ ಬಾಯಿ ತೆರೆದು ತೇಕುತ್ತಿದ್ದರೆ ಸೆಕೆ. ಎಲ್ಲವೂ ಒಂದೇ ಪಕ್ಕಕ್ಕೆ ವಾಲಿದ್ದರೆ ಎದುರು ಪಕ್ಕದಿಂದ ಗಾಳಿ ನುಗ್ಗುತ್ತಿದೆ. ಕಾಲು ಚಾಚಿ, ಅಲ್ಲಲ್ಲಿ ಹರಡಿ, ಸಣ್ಣಗೆ ಗುನುಗುತ್ತ ಮಲಗಿದ್ದರೆ ನೀವೂ ಹೋಗಿ ನಿಶ್ಚಿಂತೆಯಾಗಿ ಮಲಗಬಹುದು.

ಕೆಂಡದ ವಿಷಯವನ್ನು ಕೊನೆಗೆ ಬರೆಯುತ್ತಿದ್ದೇನೆ, ಏಕೆಂದರೆ ನಿಮಗೆ ನೋವಾಗುವ ಮಾತು. ಮುಚ್ಚಿದ ಕೋಣೆಯಲ್ಲಿ ಕೆಂಡವಿಟ್ಟರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ, ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಗುರುತಿಲ್ಲದೆ ಸತ್ತ ಆ ಮೂರು ಮರಿಗಳು ಹೋದದ್ದು ಬಹುಶಃ ಅದರಿಂದಲೇ. ನೀವು ಅದೇ ಕೋಣೆಯಲ್ಲಿ ಮರಿ ಕಾಯುತ್ತ ಮಲಗಲಿಲ್ಲವಲ್ಲ ಎಂದು ನನಗೆ ಸಮಾಧಾನ. ಇನ್ನೆಂದೂ ಹಾಗೆ ಮಾಡಬೇಡಿ, ಮನುಷ್ಯರ ಕೋಣೆಯಲ್ಲೂ ಮಾಡಬೇಡಿ. ಕರೆಂಟು ಹೋದಾಗ ದೊಡ್ಡ ಬಿಂದಿಗೆಗೆ ಕುದಿಯುವ ನೀರು ತುಂಬಿ, ಬಾಯಿ ಭದ್ರವಾಗಿ ಮುಚ್ಚಿ, ಎರಡು ಸುತ್ತು ಗೋಣಿ ಸುತ್ತಿ ಆವರಣದ ನಡುವೆ ಇಡಿ. ಮರಿಗಳು ಅದಕ್ಕೆ ಒತ್ತಿಕೊಂಡು ಮಲಗುತ್ತವೆ. ಮೂರ್ನಾಲ್ಕು ಗಂಟೆಗೊಮ್ಮೆ ನೀರು ಬದಲಿಸಬೇಕಾಗುತ್ತದೆ, ನಿದ್ದೆ ಕೆಡುತ್ತದೆ, ಬೇರೆ ದಾರಿಯಿಲ್ಲ.

ನೀವು ಹಾಕಿರುವ ಬಲ್ಬು ಯಾವುದು ಎಂದು ಬರೆದಿಲ್ಲ. ದಯವಿಟ್ಟು ತಿಳಿಸಿ.

ಹಿತ್ತಲಮನೆ, ಆಲೂರು ತಾಲ್ಲೂಕು

ಇಷ್ಟು ವಿವರವಾಗಿ ಬರೆದದ್ದಕ್ಕೆ ತುಂಬಾ ಧನ್ಯವಾದ. ಬಲ್ಬಿನ ಪ್ರಶ್ನೆ ಓದಿದ ಕೂಡಲೇ ಹೋಗಿ ನೋಡಿದೆ. ಎರಡೂ ಎಲ್‌ಇಡಿ ಬಲ್ಬುಗಳು, 12 ವ್ಯಾಟಿನವು. ನೂರು ವ್ಯಾಟಿನ ಹಳೆಯ ಬಲ್ಬಿನಷ್ಟು ಬೆಳಕು ಎಂದು ಅಂಗಡಿಯಲ್ಲಿ ಹೇಳಿದ್ದರಿಂದ ಕಾವೂ ಅಷ್ಟೇ ಬರುತ್ತದೆ ಎಂದುಕೊಂಡಿದ್ದೆ. ಕೈ ಹಿಡಿದು ನೋಡಿದರೆ ಒಂದು ಅಡಿ ಕೆಳಗೆ ಏನೂ ಬಿಸಿಯಿಲ್ಲ. ಅಂದರೆ ಈ ಹನ್ನೆರಡು ದಿನವೂ ಮರಿಗಳಿಗೆ ಬೆಳಕು ಸಿಕ್ಕಿದೆಯೇ ಹೊರತು ಕಾವು ಸಿಕ್ಕಿಯೇ ಇಲ್ಲ. ನಾಳೆ ಬೆಳಿಗ್ಗೆಯೇ ಆಲೂರು ಪೇಟೆಗೆ ಹೋಗಿ ತಂತಿಯ ಹಳೆಯ ಮಾದರಿಯ ಬಲ್ಬು ಹುಡುಕುತ್ತೇನೆ.

ಉತ್ತರ: ಪಶುವೈದ್ಯ, ಹಾಸನ ಜಿಲ್ಲೆ

ಮೂಡಿಗೆರೆಯವರು ಕಾವು ಮತ್ತು ಗಾಳಿಯ ಬಗ್ಗೆ ಹೇಳಿದ್ದೆಲ್ಲ ಸರಿಯಾಗಿದೆ, ಅದನ್ನು ಮತ್ತೆ ಹೇಳುವುದಿಲ್ಲ. ಎಲ್‌ಇಡಿ ಬಲ್ಬಿನಿಂದ ಮರಿ ಕಳೆದುಕೊಂಡವರು ನೀವೊಬ್ಬರೇ ಅಲ್ಲ. ಮನೆಮನೆಗಳಲ್ಲಿ ಹಳೆಯ ಬಲ್ಬು ಮಾಯವಾದ ಮೇಲೆ ಇದನ್ನು ನಾನು ಪದೇ ಪದೇ ನೋಡುತ್ತಿದ್ದೇನೆ. ಹಳೆಯ ಬಲ್ಬು ಸಿಗದಿದ್ದರೆ ಮರಿಗಳಿಗೆಂದೇ ಮಾರುವ ಇನ್‌ಫ್ರಾರೆಡ್ ಬಲ್ಬು ತನ್ನಿ. ಅದರ ಕಾವು ಹೆಚ್ಚು, ಆದ್ದರಿಂದ ಇನ್ನೂ ಎತ್ತರದಲ್ಲಿ ಕಟ್ಟಬೇಕು, ಹೊಟ್ಟಿನ ಮೇಲೆ ಬಿದ್ದು ಬೆಂಕಿ ಹೊತ್ತದಂತೆ ಹಗ್ಗದ ಬದಲು ಸರಪಳಿ ಬಳಸಬೇಕು.

ನನಗೆ ಹೆಚ್ಚು ಆತಂಕ ತಂದದ್ದು ನೀವು ಹಾದುಹೋಗುವಂತೆ ಹೇಳಿದ ಹೋದ ವರ್ಷದ ಕಾಫಿ ಹೊಟ್ಟು. ಒಂದು ಮಳೆಗಾಲ ಗೋದಾಮಿನ ಮೂಲೆಯಲ್ಲಿ ಕಳೆದ ಹೊಟ್ಟಿನಲ್ಲಿ ಬೂಷ್ಟು ಇಲ್ಲದಿರುವುದು ಕಷ್ಟ. ಒಂದು ಹಿಡಿ ತೆಗೆದು ಬಿಸಿಲಿನಲ್ಲಿ ಕೊಡವಿ ನೋಡಿ, ಬೂದಿ ಬಣ್ಣದ ಇಲ್ಲವೇ ಹಸಿರು ಛಾಯೆಯ ದೂಳು ಎದ್ದರೆ ಅದು ಆಸ್ಪರ್ಜಿಲಸ್ ಎಂಬ ಬೂಷ್ಟಿನ ಬೀಜಕಣವಾಗಿರುವ ಸಾಧ್ಯತೆ ಹೆಚ್ಚು. ಮರಿಗಳು ಅದನ್ನು ಉಸಿರಿನೊಂದಿಗೆ ಒಳಗೆಳೆದುಕೊಂಡರೆ ಶ್ವಾಸಕೋಶದಲ್ಲಿ ಬೂಷ್ಟು ಬೆಳೆಯುತ್ತದೆ. ಗೊರಗೊರ ಸದ್ದಿಲ್ಲದೆ, ಕತ್ತು ಚಾಚಿ, ಬಾಯಿ ತೆರೆದು ಉಸಿರಿಗಾಗಿ ಒದ್ದಾಡುವುದು ಅದರ ಲಕ್ಷಣ. ಉಸಿರಿನಲ್ಲಿ ಗೊರಗೊರ ಸದ್ದು, ಸೀನು, ಮೂಗಿನಲ್ಲಿ ಸಿಂಬಳ ಇದ್ದರೆ ಮೈಕೋಪ್ಲಾಸ್ಮಾ ಎಂಬ ಸೂಕ್ಷ್ಮಾಣುವಿನಿಂದ ಬರುವ ದೀರ್ಘಕಾಲದ ಶ್ವಾಸರೋಗವನ್ನು ಶಂಕಿಸಬೇಕು. ಅಮೋನಿಯಾ ಅದಕ್ಕೆ ದಾರಿ ಮಾಡಿಕೊಡುತ್ತದೆ. ಎರಡಕ್ಕೂ ಚಿಕಿತ್ಸೆ ಬೇರೆ ಬೇರೆ. ಬೂಷ್ಟಿನ ರೋಗಕ್ಕೆ ಆಂಟಿಬಯಾಟಿಕ್ ಕೊಟ್ಟರೆ ಪ್ರಯೋಜನವಿಲ್ಲ, ಹೊಟ್ಟನ್ನು ತೆಗೆದು ಹಾಕುವುದೇ ಅಲ್ಲಿ ಔಷಧಿ. ಅಂಗಡಿಯಲ್ಲಿ ಕೊಟ್ಟ ಪುಡಿ ಯಾವುದೆಂದು ನೀವು ಬರೆದಿಲ್ಲ. ಯಾವುದೇ ಆಗಿರಲಿ, ರೋಗ ಗುರುತಿಸದೆ ಕುಡಿಸುವುದನ್ನು ನಿಲ್ಲಿಸಿ.

ಮುಂದೆ ಸಾಯುವ ಮರಿಯನ್ನು ಹೂಳಬೇಡಿ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಸುತ್ತಲೂ ಮಂಜುಗಡ್ಡೆ ಇಟ್ಟು, ಅದೇ ದಿನ ಹತ್ತಿರದ ಪಶು ಆಸ್ಪತ್ರೆಗೆ ಅಥವಾ ಹಾಸನದ ಪಶುವೈದ್ಯಕೀಯ ಮಹಾವಿದ್ಯಾಲಯಕ್ಕೆ ಒಯ್ಯಿರಿ. ಮರಿಯನ್ನು ಸೀಳಿ ಶ್ವಾಸಕೋಶ, ಕರುಳು ನೋಡಿದರೆ ನಾನು ಇಲ್ಲಿ ಕುಳಿತು ಊಹಿಸುವುದಕ್ಕಿಂತ ನೂರು ಪಾಲು ಖಚಿತವಾದ ಉತ್ತರ ಸಿಗುತ್ತದೆ.

ಹೊಟ್ಟನ್ನು ಪೂರ್ತಿಯಾಗಿ ಗುಡಿಸಿ ತೆಗೆಯಿರಿ. ಗುಡಿಸುವಾಗ ಮರಿಗಳು ಬೇರೆ ಕಡೆ ಇರಲಿ, ನಿಮ್ಮ ಮೂಗಿಗೂ ಬಟ್ಟೆ ಕಟ್ಟಿಕೊಳ್ಳಿ. ನೆಲ ಒಣಗಿದ ಮೇಲೆ ಹೊಸ ಭತ್ತದ ಹೊಟ್ಟನ್ನು ಎರಡು ಮೂರು ಅಂಗುಲ ದಪ್ಪ ಹರಡಿ, ದಿನಕ್ಕೊಮ್ಮೆ ಕೈಯಾಡಿಸಿ, ನೀರಿನ ಪಾತ್ರೆಯ ಸುತ್ತ ಒದ್ದೆಯಾದದ್ದನ್ನು ಆಗಾಗ ಎತ್ತಿ ಹೊರಗೆ ಹಾಕಿ. ಹೊಟ್ಟನ್ನು ಹಿಡಿಯಲ್ಲಿ ಹಿಸುಕಿದರೆ ಉಂಡೆ ಕಟ್ಟಬಾರದು. ಇಲ್ಲಿ ಇನ್ನೊಂದು ಮಾತು: ಘಾಟು ಹೋಗಲೆಂದು ಅನೇಕರು ಮರಿಗಳಿರುವಾಗಲೇ ಹೊಟ್ಟಿಗೆ ಸುಣ್ಣ ಬೆರೆಸುತ್ತಾರೆ. ಸುಣ್ಣ ತೇವವನ್ನು ಹೀರುತ್ತದೆ ನಿಜ, ಆದರೆ ಹಿಕ್ಕೆಯಲ್ಲಿರುವ ಅಮೋನಿಯಾವನ್ನು ಒಮ್ಮೆಲೇ ಗಾಳಿಗೆ ಬಿಡಿಸುತ್ತದೆ. ಸುಣ್ಣ ಬಳಿಯುವುದಿದ್ದರೆ ಕೊಟ್ಟಿಗೆ ಖಾಲಿಯಿದ್ದಾಗ ನೆಲಕ್ಕೂ ಗೋಡೆಗೂ ಬಳಿಯಿರಿ.

ಮೂರನೆಯ ವಾರದಿಂದ ಹಿಕ್ಕೆಯನ್ನು ದಿನವೂ ಗಮನಿಸಿ. ಅದರಲ್ಲಿ ರಕ್ತ ಕಂಡರೆ ಅದು ಕರುಳಿನ ಪರೋಪಜೀವಿಯಿಂದ ಬರುವ ಕಾಕ್ಸಿಡಿಯೋಸಿಸ್ ರೋಗವಾಗಿರಬಹುದು, ಒಂದು ದಿನವೂ ತಡಮಾಡುವಂತಿಲ್ಲ. ಆಂಪ್ರೋಲಿಯಂನಂಥ ಔಷಧಿಯನ್ನು ವೈದ್ಯರು ಹೇಳಿದ ಪ್ರಮಾಣದಲ್ಲಿ ನೀರಿಗೆ ಬೆರೆಸಿ ಕೊಡಬೇಕಾಗುತ್ತದೆ. ಆ ಪರೋಪಜೀವಿಯ ಮೊಟ್ಟೆಗಳು ಬಲಿಯಲು ಬೇಕಾದದ್ದು ತೇವ ಮತ್ತು ಬೆಚ್ಚಗಿನ ಹೊಟ್ಟು. ಎರಡೂ ಈಗ ನಿಮ್ಮ ಗೂಡಿನಲ್ಲಿವೆ. ಲಸಿಕೆಯ ವಿಷಯ ನೀವು ಹೇಳಿಲ್ಲ. ಕೊಕ್ಕರೆ ರೋಗಕ್ಕೆ (ರಾಣಿಖೇತ್) ಐದರಿಂದ ಏಳನೆಯ ದಿನದೊಳಗೆ ಲಸೋಟ ಲಸಿಕೆಯ ಒಂದು ಹನಿಯನ್ನು ಕಣ್ಣಿಗೋ ಮೂಗಿಗೋ ಹಾಕಿಸಬೇಕಿತ್ತು, ಗುಂಬೋರೊ ರೋಗಕ್ಕೆ ಹದಿನಾಲ್ಕನೆಯ ದಿನದ ಆಸುಪಾಸಿನಲ್ಲಿ. ಕಾಯಿಲೆಯಿರುವ ಮರಿಗಳಿಗೆ ಈಗಲೇ ಹಾಕಿಸಬೇಡಿ, ಚೇತರಿಸಿಕೊಂಡ ಮೇಲೆ ವೈದ್ಯರನ್ನು ಕೇಳಿ ಹಾಕಿಸಿ. ಲಸಿಕೆಯನ್ನು ಮಂಜುಗಡ್ಡೆಯಲ್ಲಿಟ್ಟೇ ತರಬೇಕು, ಬೆರೆಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು.

ಮೊಟ್ಟೆ ಕಡಿಮೆಯಾದದ್ದಕ್ಕೆ ಚಳಿಗಿಂತ ಹಗಲು ಕುಗ್ಗಿರುವುದು ದೊಡ್ಡ ಕಾರಣ. ಹೇಂಟೆ ಚೆನ್ನಾಗಿ ಮೊಟ್ಟೆಯಿಡಲು ದಿನಕ್ಕೆ 14 ಗಂಟೆಗೂ ಮಿಗಿಲಾದ ಬೆಳಕು ಬೇಕು, ನಮ್ಮಲ್ಲಿ ಡಿಸೆಂಬರಿನ ಹಗಲು ಹನ್ನೊಂದೂವರೆ ಗಂಟೆಯ ಒಳಗೇ ಮುಗಿಯುತ್ತದೆ. ನಿಮ್ಮ ಎಲ್‌ಇಡಿ ಬಲ್ಬುಗಳು ಈ ಕೆಲಸಕ್ಕೆ ಬರುತ್ತವೆ. ದೊಡ್ಡ ಕೋಳಿಗಳ ಗೂಡಿನಲ್ಲಿ ಕಟ್ಟಿ, ಬೆಳಗಿನ ಜಾವ ಉರಿಸಿ, ವಾರಕ್ಕೆ ಅರ್ಧ ಗಂಟೆಯಂತೆ ಹೆಚ್ಚಿಸುತ್ತ ಹೋಗಿ. ಸಂಜೆ ಬೇಡ, ದೀಪ ಫಕ್ಕನೆ ಆರಿದರೆ ಕೋಳಿಗಳು ಕೂರುವ ಕೋಲು ಕಾಣದೆ ನೆಲದಲ್ಲೇ ಉಳಿಯುತ್ತವೆ. ಆದರೆ ಪುಕ್ಕ ಉದುರಿಸುತ್ತಿರುವ ನಾಟಿ ಹೇಂಟೆಗಳಿಂದ ಹೆಚ್ಚು ನಿರೀಕ್ಷಿಸಬೇಡಿ, ಅವಕ್ಕೆ ಇದು ವಿಶ್ರಾಂತಿಯ ಕಾಲ. ದೊಡ್ಡ ಕೋಳಿಗೆ 11 ಡಿಗ್ರಿ ಚಳಿ ಒಂದು ಲೆಕ್ಕವೇ ಅಲ್ಲ, ಮೈ ಒಣಗಿದ್ದರೆ ಸಾಕು.

ಉತ್ತರ: ಕುರಿಹಟ್ಟಿ, ಅರಸೀಕೆರೆ

ತಂಗಿ, ಕೋಳಿಯ ಬಗ್ಗೆ ಬಲ್ಲವರು ಹೇಳಿದ್ದಾರೆ, ನಾನು ಮೇಕೆಮರಿಯ ಬಗ್ಗೆ ಬರೆಯುತ್ತೇನೆ. ನಮ್ಮದು ಬಯಲುಸೀಮೆ. ಚಳಿ ನಮ್ಮಲ್ಲೂ ಮೈ ಕೊರೆಯುತ್ತದೆ, ಆದರೆ ಒಣ ಗಾಳಿ. ನಾವು ರಾತ್ರಿ ಹಟ್ಟಿಯ ನಾಲ್ಕೂ ಕಡೆ ಸೋಗೆ ತಡಿಕೆ ಕಟ್ಟಿ ಪೂರ್ತಿ ಮುಚ್ಚುತ್ತೇವೆ, ತಡಿಕೆಯ ಸಂದಿಯಲ್ಲೇ ಗಾಳಿಯಾಡುತ್ತದೆ. ನಿಮ್ಮ ಕಡೆ ಹಾಗೆ ಮುಚ್ಚಿದರೆ ತೇವ ನಿಲ್ಲುತ್ತದೆ ಎಂಬುದನ್ನು ಮೇಲಿನವರ ಮಾತಿನಿಂದ ನಾನೂ ತಿಳಿದುಕೊಂಡೆ.

ಮೇಕೆಮರಿಗೆ ಕೆಮ್ಮು ಬರುವುದು ಹೆಚ್ಚಾಗಿ ನೆಲದಿಂದ. ಗಂಜಲ ಇಂಗಿದ ಮಣ್ಣಿನ ನೆಲದ ಮೇಲೆ ಹೊಟ್ಟೆ ಊರಿ ಮಲಗಿದ ಮರಿಗೆ ಶೀತ ಎದೆಗಿಳಿಯುತ್ತದೆ. ನಿಮ್ಮ ಸೀಮೆಯಲ್ಲಿ ಅಡಿಕೆ ದಬ್ಬೆ ಸುಲಭವಾಗಿ ಸಿಗುತ್ತದೆ. ನೆಲದಿಂದ ಎರಡು ಮೂರು ಅಡಿ ಎತ್ತರಕ್ಕೆ ದಬ್ಬೆ ಹೊಡೆದು ಅಟ್ಟಣಿಗೆ ಮಾಡಿ, ದಬ್ಬೆಗಳ ನಡುವೆ ಹಿಕ್ಕೆ ಬೀಳುವಷ್ಟು, ಗೊರಸು ಸಿಕ್ಕಿಕೊಳ್ಳದಷ್ಟು ಸಂದಿ ಬಿಡಿ. ಸಣ್ಣ ಮರಿ ಮಲಗುವ ಮೂಲೆಯಲ್ಲಿ ಮಾತ್ರ ಸಂದಿ ಮುಚ್ಚಿ, ಒಣ ಹುಲ್ಲು ಹಾಸಿ, ದಿನವೂ ಬದಲಿಸಿ. ಗೋಣಿಚೀಲದಲ್ಲಿ ನಾಲ್ಕು ಕಾಲಿಗೆ ತೂತು ಮಾಡಿ ಅಂಗಿಯಂತೆ ತೊಡಿಸಿದರೆ ರಾತ್ರಿ ಬೆಚ್ಚಗಿರುತ್ತದೆ. ಬೆಳಿಗ್ಗೆ ತಪ್ಪದೆ ತೆಗೆದು ಬಿಸಿಲಿಗೆ ಹಾಕಬೇಕು, ಒದ್ದೆಯಾದ ಗೋಣಿ ಹೊದಿಸುವುದಕ್ಕಿಂತ ಬರಿಮೈಯೇ ಲೇಸು. ಮರಿ ಹಾಲು ಬಿಟ್ಟಿದ್ದರೆ, ಜ್ವರವಿದ್ದರೆ, ಉಸಿರಾಡುವಾಗ ಪಕ್ಕೆಲುಬು ಒಳಕ್ಕೆ ಎಳೆಯುತ್ತಿದ್ದರೆ ನ್ಯುಮೋನಿಯಾ ಆಗಿದೆಯೆಂದೇ ತಿಳಿದು ಅವತ್ತೇ ವೈದ್ಯರನ್ನು ಕರೆಸಿ. ದೂರವಾದರೆ 1962 ಸಂಖ್ಯೆಗೆ ಕರೆ ಮಾಡಿ, ಪಶು ಸಂಚಾರಿ ಚಿಕಿತ್ಸಾ ವಾಹನ ಬರುತ್ತದೆ. ಬಾಯಿಗೆ ಎಣ್ಣೆ, ಕಷಾಯ ಬಲವಂತವಾಗಿ ಹೊಯ್ಯಬೇಡಿ. ಕೆಮ್ಮುವ ಮರಿಗೆ ಹೊಯ್ದದ್ದು ಶ್ವಾಸನಾಳಕ್ಕೆ ಹೋಗುತ್ತದೆ. ಹಾಗೆ ಒಂದು ಒಳ್ಳೆಯ ಹೋತಮರಿಯನ್ನು ನಾನು ಕಳೆದುಕೊಂಡಿದ್ದೇನೆ.

ಇನ್ನು ಮುಂದೆ ಈಯುವ ಮೇಕೆಗಳ ವಿಷಯ. ಮರಿ ಬಿದ್ದ ಕೂಡಲೇ ಒಣ ಬಟ್ಟೆಯಿಂದ ಮೈ ಉಜ್ಜಿ, ಹೊಕ್ಕುಳಿಗೆ ಟಿಂಚರ್ ಅಯೋಡಿನ್ ಹಚ್ಚಿ, ಒಂದು ಗಂಟೆಯೊಳಗೆ ಗಿಣ್ಣುಹಾಲು ಕುಡಿಸಬೇಕು. ಎರಡು ಕಿಲೋ ತೂಗುವ ಮರಿಗೆ ಮೊದಲ ದಿನ ಒಟ್ಟು 200 ಮಿಲಿಲೀಟರಿನಷ್ಟು ಹೋಗಬೇಕು, ಮೂರ್ನಾಲ್ಕು ಸಲಕ್ಕೆ ಹಂಚಿ. ಚಳಿಗೆ ಸೆಟೆದ ಮರಿ ಹಾಲು ಚೀಪುವುದಿಲ್ಲ, ಹಾಲು ಸಿಗದ ಮರಿ ಇನ್ನಷ್ಟು ಸೆಟೆಯುತ್ತದೆ. ಆದ್ದರಿಂದ ಮೊದಲು ಮೈ ಬೆಚ್ಚಗಾಗಲಿ, ಆಮೇಲೆ ಹಾಲು.

ಬೆಳಿಗ್ಗೆ ಇಬ್ಬನಿ ಆರುವ ಮೊದಲು ಮೇಯಲು ಬಿಡಬೇಡಿ. ಜಂತುಹುಳುವಿನ ಮರಿಗಳು ಒದ್ದೆ ಹುಲ್ಲಿನ ತುದಿಯವರೆಗೂ ಹತ್ತಿ ಕೂತಿರುತ್ತವೆ. ಕೊಯ್ಲಾದ ಗದ್ದೆಯ ಜೌಗಿನಲ್ಲಿ ಬಸವನಹುಳು ಇದ್ದರೆ ಅಲ್ಲಿ ಮೇಯಿಸಿದ ಮೇಕೆಗೆ ಯಕೃತ್ತಿನ ಹುಳು ತಗಲುತ್ತದೆ. ಗದ್ದದ ಕೆಳಗೆ ನೀರು ತುಂಬಿದಂತೆ ಬಾವು ಬಂದರೆ, ಕಣ್ಣಿನ ಕೆಳರೆಪ್ಪೆ ಬಿಡಿಸಿದಾಗ ಬಿಳಿಚಿಕೊಂಡಿದ್ದರೆ ತಡಮಾಡದೆ ತೋರಿಸಿ. ಸಂಜೆ ಹಲಸಿನ ಸೊಪ್ಪು, ಹಾಲುವಾಣದ ಸೊಪ್ಪು, ಒಣ ಹುಲ್ಲು ಹೊಟ್ಟೆ ತುಂಬ ಹಾಕಿ. ಒಣ ಮೇವು ಹೊಟ್ಟೆಯಲ್ಲಿ ಕರಗುವಾಗ ಹುಟ್ಟುವ ಬಿಸಿಯೇ ರಾತ್ರಿಯ ಕಂಬಳಿ.

ಉತ್ತರ: ಏಲಕ್ಕಿಮಲೆ, ಸಕಲೇಶಪುರ

ಒಂದು ಸಣ್ಣ ಸೇರ್ಪಡೆ. ಗಿರಿರಾಜ ಹೇಂಟೆ ಸಾಮಾನ್ಯವಾಗಿ ಕಾವಿಗೆ ಕೂರುವುದಿಲ್ಲ, ಆದರೆ ನಿಮ್ಮ ನಾಟಿ ಹೇಂಟೆಗಳು ಕೂರುತ್ತವೆ. ಮುಂದಿನ ಸಲ ಮರಿ ತರುವ ಹೊತ್ತಿಗೆ ಒಂದೆರಡು ಹೇಂಟೆಗಳನ್ನು ಮೊಟ್ಟೆಯಿಟ್ಟು ಕಾವಿಗೆ ಕೂರಿಸಿರಿ. ಮರಿ ತಂದ ರಾತ್ರಿ ಕತ್ತಲಲ್ಲಿ, ಹೇಂಟೆಯ ರೆಕ್ಕೆಯ ಅಡಿಯಿಂದ ಮೊಟ್ಟೆ ತೆಗೆದು ಒಂದೊಂದೇ ಮರಿಯನ್ನು ಮೆಲ್ಲಗೆ ಸೇರಿಸಿದರೆ ಬೆಳಗಾಗುವಷ್ಟರಲ್ಲಿ ತನ್ನವೇ ಎಂದು ಒಪ್ಪಿಕೊಳ್ಳುತ್ತದೆ. ಒಂದು ಹೇಂಟೆಗೆ ಹತ್ತು ಹನ್ನೆರಡು ಮರಿಗಳಿಗಿಂತ ಹೆಚ್ಚು ಬೇಡ. ಮೂರು ದಿನ ದಾಟಿದ ಮರಿಗಳನ್ನು ಅದು ಕುಕ್ಕಿ ಓಡಿಸುತ್ತದೆ, ಆದ್ದರಿಂದ ನಿಮ್ಮ ಈಗಿನ ಮರಿಗಳಿಗೆ ಈ ಉಪಾಯ ಆಗುವುದಿಲ್ಲ. ಕರೆಂಟನ್ನು ನಂಬಲಾಗದ ನಮ್ಮ ಊರುಗಳಿಗೆ ಇದಕ್ಕಿಂತ ಒಳ್ಳೆಯ ಕಾವುಯಂತ್ರವನ್ನು ನಾನು ಕಂಡಿಲ್ಲ. ಮುಸುಕಿನ ಜೋಳ ಹಾಕುವುದಿದ್ದರೆ ಮುಗ್ಗಲು ಹಿಡಿದದ್ದನ್ನು ಖಂಡಿತ ಹಾಕಬೇಡಿ, ಅದರ ವಿಷ ಮರಿಯ ಯಕೃತ್ತನ್ನು ಕೆಡಿಸುತ್ತದೆ.

ಹಿತ್ತಲಮನೆ, ಆಲೂರು ತಾಲ್ಲೂಕು: ಹತ್ತು ದಿನಗಳ ನಂತರ

ನಿಮ್ಮೆಲ್ಲರ ಮಾತಿನಂತೆ ಮಾಡಿದ್ದನ್ನು ತಿಳಿಸಬೇಕೆಂದು ಬರೆಯುತ್ತಿದ್ದೇನೆ. ಹಳೆಯ ಬಲ್ಬು ಆಲೂರಿನಲ್ಲಿ ಸಿಗದೆ ಹಾಸನದಿಂದ ತರಿಸಿದೆ. ಆ ಎರಡು ದಿನ ಬಿಂದಿಗೆಯ ಬಿಸಿನೀರಿನಲ್ಲೇ ಕಳೆದೆವು. ನಾನು ಮತ್ತು ಮಗಳು ಸರದಿಯಲ್ಲಿ ಎದ್ದು ನೀರು ಬದಲಿಸಿದೆವು. ಮರುದಿನ ಸತ್ತ ಒಂದು ಮರಿಯನ್ನು ಆಸ್ಪತ್ರೆಗೆ ಒಯ್ದಾಗ ವೈದ್ಯರು ಸೀಳಿ ತೋರಿಸಿದರು. ಶ್ವಾಸಕೋಶದ ಮೇಲೆ ರಾಗಿಕಾಳಿನಷ್ಟು ಗಾತ್ರದ ಹಳದಿ ಬಿಳುಪಿನ ಗಂಟುಗಳಿದ್ದವು. ಬೂಷ್ಟೇ ಎಂದರು. ಕಾಫಿ ಹೊಟ್ಟನ್ನೆಲ್ಲ ತೆಗೆದು ಗೊಬ್ಬರದ ಗುಂಡಿಗೆ ಹಾಕಿದ್ದೇನೆ. ಕೊಡವಿದಾಗ ಎದ್ದ ದೂಳು ನೀವು ಹೇಳಿದ ಬಣ್ಣದ್ದೇ ಆಗಿತ್ತು.

ಮೊದಲೇ ಮಂಕಾಗಿದ್ದ ಮರಿಗಳಲ್ಲಿ ಅದೂ ಸೇರಿ ಐದು ಹೋದವು. ಕಳೆದ ಆರು ದಿನಗಳಿಂದ ಒಂದೂ ಸತ್ತಿಲ್ಲ, 36 ಇವೆ. ಟಾರ್ಪಾಲು ಇಳಿಸಿದ ಮೂರನೆಯ ಬೆಳಿಗ್ಗೆ ಸವರಿ ನೋಡಿದರೆ ಅಂಗೈ ಒಣಗಿಯೇ ಇತ್ತು, ಘಾಟು ಇರಲಿಲ್ಲ. ಮೊನ್ನೆ ವೈದ್ಯರೇ ಬಂದು ಲಸಿಕೆ ಹಾಕಿದರು. ಮೇಕೆಮರಿಗೆ ಐದು ದಿನ ಚುಚ್ಚುಮದ್ದು ಆಯಿತು, ಕೆಮ್ಮು ಇಳಿದಿದೆ, ಅಟ್ಟಣಿಗೆಗೆ ದಬ್ಬೆ ಸೀಳಿಸುತ್ತಿದ್ದೇವೆ. ಮೊಟ್ಟೆ ಇನ್ನೂ ಎರಡು ಮೂರರಲ್ಲೇ ಇದೆ.

ಮರಿಗಳಿಗೆ ಈಗ 22 ದಿನ. ಹಗಲು ಬಿಸಿಲು ಚೆನ್ನಾಗಿರುತ್ತದೆ, ಅವು ಜಾಲರಿಯ ಬಳಿ ಬಂದು ಹೊರಗೆ ನೋಡುತ್ತ ನಿಲ್ಲುತ್ತವೆ. ಹಿತ್ತಲಿಗೆ ಯಾವಾಗ ಬಿಡಬಹುದು?

ಕಾಫಿಕಣ, ಮೂಡಿಗೆರೆ

ಅಕ್ಕ, 36 ಉಳಿದದ್ದು ಕೇಳಿ ಬಹಳ ಸಂತೋಷವಾಯಿತು. ಇನ್ನೂ ಅವಸರ ಬೇಡ. ಐದನೆಯ ವಾರ ತುಂಬಿ, ಬೆನ್ನಿನ ಮೇಲೂ ಎದೆಯ ಮೇಲೂ ತುಪ್ಪಳ ಹೋಗಿ ಪುಕ್ಕ ಮುಚ್ಚಿದ ಮೇಲೆ, ಹತ್ತು ಗಂಟೆಗೆ ಇಬ್ಬನಿ ಆರಿದ ನಂತರ, ಮೊದಲ ದಿನ ಒಂದು ಗಂಟೆ ಬಿಟ್ಟು ನೋಡಿ. ನಾಲ್ಕು ಗಂಟೆಯೊಳಗೆ ಒಳಗೆ ಸೇರಿಸಿ, ಸಂಜೆ ಮುಂಗುಸಿಯ ಕಾಟವೂ ಇರುತ್ತದೆ. ನಾಟಿ ಕೋಳಿಗಳ ಜೊತೆ ಈಗಲೇ ಬೆರೆಸಬೇಡಿ, ದೊಡ್ಡವಕ್ಕೆ ಲಕ್ಷಣ ಕಾಣದೆಯೂ ರೋಗವಿರಬಹುದು. ಕೊಕ್ಕರೆ ರೋಗದ ಎರಡನೆಯ ಹನಿ ಯಾವಾಗ, ಅದೇ ರೋಗಕ್ಕೆ ಆರರಿಂದ ಎಂಟನೆಯ ವಾರದಲ್ಲಿ ಹಾಕುವ ಆರ್‌ಟುಬಿ ಲಸಿಕೆಯ ಚುಚ್ಚುಮದ್ದು ಯಾವಾಗ ಎಂದು ವೈದ್ಯರನ್ನು ಕೇಳಿ, ಆ ದಿನಗಳನ್ನು ಇವತ್ತೇ ಕ್ಯಾಲೆಂಡರಿನಲ್ಲಿ ಗುರುತು ಮಾಡಿಡಿ.